ಪೈರಿನ ಪೀಡೆಗಳ ಸಂಗ್ರಹ ಮತ್ತು ಪೋಷಣೆ

೧

ಹಗೆಯನ್ನು ಅಡಗಿಸುವುದಕ್ಕಾಗಿ ಹಗೆಯನ್ನೇ ಮನೆಯೊಳಗಿಟ್ಟುಕೊಂಡು ಸಾಕುವುದೆಂದರೆ ಕೇಳುವವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋ ಮೊದಲಾದ ಸಂಶೋಧನಾಲಯಗಳಲ್ಲಿಯೂ, ಅವನ್ನು ಅನುಸರಿಸಿ ನಡೆಯುತ್ತಿರುವ ಪ್ರಯೋಗಶಾಲೆಗಳಲ್ಲಿಯೂ ದಿನದಿನವೂ ನಡೆಯುವ ಕೆಲಸದ ಒಂದು ದೊಡ್ಡ ಭಾಗವು ಇದೇ ಆಗಿದೆ. ಕಣಜದ ಧಾನ್ಯವನ್ನು ಕೆಡಿಸುವ ಅಕ್ಕಿಯ ಪತಂಗಕ್ಕೆ ಅಲ್ಲಿ ಜೋಳದ ನುಚ್ಚನ್ನು ಹದಮಾಡಿ ಉಣಿಸುತ್ತಾರೆ. ದ್ರಾಕ್ಷಿಯನ್ನೂ ಕಾಫಿಯನ್ನೂ ಹೀರುವ ಹಿಟ್ಟುತಿಗಣೆಗೆ ಸಿಹಿಗುಂಬಳದ ಕಾಯನ್ನು ಒಪ್ಪಿಸುತ್ತಾರೆ. ಕಡಲೆ ತೊಗರಿಗಳ ಕಾಯನ್ನು ಕೊರೆಯುವ ಹುಳುವಿಗೆ ಕಡಲೆಹಿಟ್ಟಿನ ಪಾಕವನ್ನು ಬಡಿಸುತ್ತಾರೆ. ಹಾವಿಗೆ ಹಾಲೆರೆಯುವುದು ವ್ಯರ್ಥವೆಂದು ನಮ್ಮ ಗಾದೆಗಳು ಹೇಳುತ್ತವೆ. ಇಲ್ಲಿ ಎರೆದ ಹಾಲು ಹೇಗೆ ಫಲಕೊಡುವುದೆಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪ್ರಕೃತಿಯಲ್ಲಿ ಪ್ರತಿಯೊಂದು ಕೀಟಕ್ಕೂ ಅದನ್ನು ತಿಂದೋ ಅದರೊಳಗೆ ಬೆಳೆದೋ ಕೊಲ್ಲುವ ಬೇರೆ ಜೀವಿಗಳುಂಟು. ಈ ಹಗೆಗಳನ್ನು ಗುರುತಿಸಿ, ಹೆಚ್ಚಿಸಿ, ಪೀಡೆಯಿದ್ದಲ್ಲಿಗೆ ಬಿಟ್ಟು, ಪೈರನ್ನು ಕಾಪಾಡಿಕೊಳ್ಳುವ ಕ್ರಮಕ್ಕೆ ಜೈವಿಕ ನಿಯಂತ್ರಣವೆಂದು ಹೆಸರು. ಹಗೆಗಳಲ್ಲಿ ಎರಡು ಬಗೆಗಳು ಮುಖ್ಯ. ಗುಲಗಂಜಿ ಹುಳುವಿನಂತೆ ಒಂದಾದ ಮೇಲೊಂದು ಕೀಟವನ್ನು ಹಿಡಿದು ತಿನ್ನುವವು ಪರಭಕ್ಷಕಗಳು. ಪೀಡೆಯ ಮೊಟ್ಟೆಯಲ್ಲಿಯೋ ಮೈಯಲ್ಲಿಯೋ ತಮ್ಮ ಮೊಟ್ಟೆಯನ್ನಿಟ್ಟು, ಒಳಗಿನ ಸಾರವನ್ನೇ ಮರಿಗೆ ಆಹಾರವಾಗಿಸಿ, ಕೊನೆಗೆ ಆಶ್ರಯ ಕೊಟ್ಟ ಕೀಟವನ್ನು ಕೊಂದು ಹೊರಬರುವವು ಪರತಂತ್ರಜೀವಿಗಳು. ಇವುಗಳಲ್ಲಿ ಬಹುಭಾಗವು ಕಣ್ಣಿಗೆ ಕಾಣುವುದೂ ಕಷ್ಟವಾದ ಕಿರುಕಣಜಗಳು. ಇಲ್ಲಿ ಸ್ಥಾಪಿಸಬೇಕೆಂದಿರುವ ಮಾತು ಇಷ್ಟೇ: ಪೀಡೆಯನ್ನು ಕ್ರಮವಾಗಿ ಸಂಗ್ರಹಿಸಿ, ಅದರ ನಿಜವಾದ ಹೆಸರನ್ನು ನಿರ್ಣಯಿಸಿ, ಅದನ್ನು ಸಾಕುವ ಬಗೆಯನ್ನು ಕಲಿಯದ ಹೊರತು ಅದರ ಹಗೆಯು ದೊರೆಯದು; ದೊರೆತರೂ ಉಳಿಯದು; ಉಳಿದರೂ ಹೆಚ್ಚದು.

ಸಾಹಿತ್ಯದ ಪತ್ರಿಕೆಯಲ್ಲಿ ಹುಳುಗಳ ವಿಚಾರವೇಕೆಂದು ಯಾರಾದರೂ ಕೇಳಬಹುದು. ಓಲೆಯ ಪ್ರತಿಗಳನ್ನು ಊರೂರಿನಿಂದ ಕೂಡಿಹಾಕಿ, ಎಲ್ಲಿ ದೊರೆಯಿತು, ಯಾರ ಕೈಬರಹ, ಯಾವ ಕಾಲದ್ದು ಎಂದು ಬರೆದಿಟ್ಟು, ಒಂದರಂತೆಯೇ ಕಾಣುವ ಎರಡು ಪಾಠಗಳಲ್ಲಿ ಯಾವುದು ನಿಜವೆಂದು ಗೊತ್ತುಮಾಡುವ ಶ್ರಮವನ್ನು ವಾಚಕರು ಬಲ್ಲರು. ಕೀಟಶಾಸ್ತ್ರಜ್ಞನ ಮೊದಲ ಕೆಲಸವೂ ಅದೇ ಜಾತಿಯದು. ಇಲ್ಲಿ ಪಾಠವು ತಪ್ಪಿದರೆ ಹಾಳಾಗುವುದು ಪದ್ಯವಲ್ಲ, ಬೆಳೆ. ವ್ಯತ್ಯಾಸವಿರುವುದು ಅಷ್ಟರಲ್ಲಿ ಮಾತ್ರ.

೨

ಈ ಮಾರ್ಗವು ಲೋಕಕ್ಕೆ ಮನವರಿಕೆಯಾದುದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನಡೆದ ಒಂದು ಪ್ರಸಂಗದಿಂದ. ಅಲ್ಲಿನ ಕಿತ್ತಳೆಯ ತೋಟಗಳಲ್ಲಿ ಹತ್ತಿಯ ಮೆತ್ತೆಯನ್ನು ಅಂಟಿಸಿದಂತೆ ತೋರುವ ಒಂದು ಶಲ್ಕಕೀಟವು ಹಬ್ಬಿ, ಬೆಳೆಗಾರರು ಮರಗಳನ್ನು ಕಿತ್ತುಹಾಕುವ ಸ್ಥಿತಿಗೆ ಬಂದಿದ್ದರು. ಆ ಕೀಟದ ಮೂಲಸ್ಥಾನವು ಆಸ್ಟ್ರೇಲಿಯವೆಂದು ತಿಳಿದ ಬಳಿಕ, ೧೮೮೮ರಲ್ಲಿ ಆಲ್ಬರ್ಟ್ ಕೊಬೆಲೆ ಎಂಬಾತನನ್ನು ಅಲ್ಲಿಗೆ ಕಳುಹಿಸಿದರು. ಅವನು ಆರಿಸಿ ಕಳುಹಿಸಿದವುಗಳಲ್ಲಿ ರೊಡೋಲಿಯ ಎಂಬ ಗುಲಗಂಜಿ ಹುಳುವೊಂದಿತ್ತು. ಮೊದಲಿಗೆ ಜೀವಸಹಿತ ತಲುಪಿದವು ೧೨೯ ಮಾತ್ರ. ಅವನ್ನು ತೋಟಕ್ಕೆ ಚೆಲ್ಲಿಬಿಡಲಿಲ್ಲ. ಪೀಡೆಯು ಚೆನ್ನಾಗಿ ಹತ್ತಿದ ಒಂದು ಕಿತ್ತಳೆಮರಕ್ಕೆ ಬಟ್ಟೆಯ ಗುಡಾರವನ್ನು ಕಟ್ಟಿ ಅದರೊಳಗೆ ಬಿಟ್ಟರು. ಆ ಮರದ ಪೀಡೆಯೇ ಹುಳುಗಳ ಅನ್ನವಾಯಿತು. ೧೮೮೯ರ ಬೇಸಗೆಯ ಹೊತ್ತಿಗೆ ಹತ್ತು ಸಾವಿರಕ್ಕೂ ಮಿಕ್ಕ ಹುಳುಗಳನ್ನು ಬೆಳೆಗಾರರಿಗೆ ಹಂಚಲು ಸಾಧ್ಯವಾಯಿತು; ಪೀಡೆಯು ಅಡಗಿತು. ಔಷಧವನ್ನು ಸಿಂಪಡಿಸಿ ಆ ಮರವನ್ನು ಮೊದಲೇ ಶುದ್ಧಿಮಾಡಿದ್ದರೆ ಆ ೧೨೯ ಹುಳುಗಳು ಹಸಿದು ಸಾಯುತ್ತಿದ್ದವೆಂಬುದನ್ನು ಇಲ್ಲಿ ಗಮನಿಸಬೇಕು.

ಅದೇ ಶಲ್ಕಕೀಟವು ೧೯೨೮ರಲ್ಲಿ ನೀಲಗಿರಿಯ ವ್ಯಾಟಲ್ ಮರಗಳ ಮೇಲೆ ಕಾಣಿಸಿಕೊಂಡಿತು. ಅದರ ಹಿಂದೆಯೇ ರೊಡೋಲಿಯ ಹುಳುವನ್ನೂ ತರಿಸಿ ಬಿಟ್ಟರು. ಇದಕ್ಕೂ ಮೊದಲು ೧೮೯೮ರಲ್ಲಿ ಕಾಫಿಯ ಹಸಿರು ಶಲ್ಕಕೀಟಕ್ಕಾಗಿ ಆಸ್ಟ್ರೇಲಿಯದ ಕ್ರಿಪ್ಟೊಲೀಮಸ್ ಎಂಬ ಇನ್ನೊಂದು ಗುಲಗಂಜಿ ಹುಳುವು ದಕ್ಷಿಣ ಭಾರತಕ್ಕೆ ಬಂದಿತ್ತು. ಯಾವುದಕ್ಕಾಗಿ ತಂದರೋ ಆ ಕೆಲಸವು ಅದರಿಂದ ಆಗಲಿಲ್ಲ. ಆದರೆ ಅದು ನಮ್ಮ ನಾಡಿನಲ್ಲಿ ನೆಲೆಯೂರಿ, ಹಿಟ್ಟುತಿಗಣೆಗಳಿಗೆ ಒಳ್ಳೆಯ ಹಗೆಯೆಂದು ಹೆಸರಾಯಿತು. ೧೯೫೭ರಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರವು ಬೆಂಗಳೂರಿನಲ್ಲಿ ಆರಂಭವಾದುದರಿಂದ ಈ ವಿದ್ಯೆಗೆ ಕನ್ನಡನಾಡಿನಲ್ಲಿ ಸ್ಥಿರವಾದ ಮನೆ ದೊರೆಯಿತು. ೧೯೭೭ರಲ್ಲಿ ಅಖಿಲ ಭಾರತ ಯೋಜನೆಯೂ, ೧೯೯೩ರಲ್ಲಿ ಪ್ರತ್ಯೇಕ ನಿರ್ದೇಶನಾಲಯವೂ ಏರ್ಪಟ್ಟು, ಕ್ರಮೇಣ ಈಗಿನ ಬ್ಯೂರೋ ರೂಪಗೊಂಡಿತು.

೩

ಸಂಗ್ರಹವೆಂದರೆ ಸಿಕ್ಕಿದ ಹುಳುವನ್ನು ಹಿಡಿದು ಡಬ್ಬಿಗೆ ಹಾಕುವುದಲ್ಲ. ಸಂಗ್ರಾಹಕನು ಹೊಲದಿಂದ ಎರಡು ಬಗೆಯ ವಸ್ತುಗಳನ್ನು ತರಬೇಕು. ಹೆಸರಿನ ನಿರ್ಣಯಕ್ಕಾಗಿ ಮದ್ಯಸಾರದಲ್ಲಿಟ್ಟ ಅಥವಾ ಒಣಗಿಸಿದ ಮೃತಮಾದರಿಗಳು ಒಂದು. ಪೋಷಣೆಗಾಗಿ ಜೀವಂತವಾದ ಕೀಟಗಳು ಇನ್ನೊಂದು. ಒಂದನ್ನು ತಂದು ಮತ್ತೊಂದನ್ನು ಮರೆತರೆ ಕೆಲಸವು ಅರ್ಧವಾಗುವುದು. ಸಾಕಿದ ಕೀಟವು ಯಾವುದೆಂದು ಆಮೇಲೆ ಸಂಶಯ ಬಂದಾಗ ನೋಡುವುದಕ್ಕೆ ಮಾದರಿಯೇ ಇಲ್ಲದಿದ್ದರೆ, ಅದರ ಮೇಲೆ ಬರೆದ ಯಾವತ್ತೂ ಪ್ರಬಂಧಗಳು ಹೆಸರಿಲ್ಲದವನ ಚರಿತ್ರೆಯಂತಾಗುವುವು.

ಜೀವಂತವಾದ ಕೀಟವನ್ನು ಅದು ಕುಳಿತ ಎಲೆ, ಕಾಯಿ ಅಥವಾ ರೆಂಬೆಯ ಸಹಿತವಾಗಿಯೇ ಕೊಯ್ದು ತರುವುದು ಮೇಲು. ಹೀರುವ ಕೀಟಗಳು ತಮ್ಮ ಸೂಜಿಯಂತಹ ಬಾಯನ್ನು ಗಿಡದೊಳಗೆ ನೆಟ್ಟಿರುವುದರಿಂದ ಅವನ್ನು ಎಳೆದು ತೆಗೆದರೆ ಬಾಯಿ ಮುರಿದು ಸಾಯುವುವು. ಬಹಳ ಸಣ್ಣ ಕೀಟಗಳನ್ನು ಕೈಯಿಂದ ಮುಟ್ಟದೆ, ಒಂದು ತುದಿಗೆ ತೆಳುಬಟ್ಟೆಯನ್ನು ಕಟ್ಟಿದ ಗಾಜಿನ ನಳಿಕೆಯ ಮೂಲಕ ಉಸಿರಿನಿಂದ ಹೀರಿ ಹಿಡಿಯುತ್ತಾರೆ. ಡಬ್ಬಿಯಲ್ಲಿ ಬೆವರು ಕಟ್ಟದಂತೆ ಕಾಗದವನ್ನು ಹಾಸಬೇಕು, ಬಿಸಿಲಿಗೆ ಒಡ್ಡಬಾರದು, ದಾರಿಯಲ್ಲಿ ತಿನ್ನಲು ಅದೇ ಗಿಡದ ಎಳೆಯ ಎಲೆಯಿರಬೇಕು. ಕಾಯಿಕೊರಕದ ಮರಿಗಳಂತೆ ಒಂದನ್ನೊಂದು ತಿನ್ನುವ ಸ್ವಭಾವದವನ್ನು ಒಂದೊಂದು ಸೀಸೆಗೆ ಒಂದರಂತೆ ಇಡಬೇಕಾಗುವುದು. ಇಪ್ಪತ್ತನ್ನು ಒಂದೇ ಡಬ್ಬಿಯಲ್ಲಿ ತುಂಬಿ ಹೊರಟವನು ಊರು ಸೇರುವಷ್ಟರಲ್ಲಿ ಕೊಬ್ಬಿದ ಕೆಲವನ್ನು ಮಾತ್ರ ಕಾಣುವನು.

ಪ್ರತಿಯೊಂದು ಡಬ್ಬಿಗೂ ಒಂದು ಚೀಟಿ ಇರತಕ್ಕದ್ದು. ಊರು, ತಾರೀಖು, ಯಾವ ಗಿಡ, ಗಿಡದ ಯಾವ ಭಾಗ, ಸಂಗ್ರಹಿಸಿದವರಾರು—ಈ ಐದು ಅಂಶಗಳಿಲ್ಲದ ಕೀಟಕ್ಕೆ ಶಾಸ್ತ್ರದಲ್ಲಿ ಬೆಲೆಯಿಲ್ಲ. ಹೊಲದಲ್ಲಿ ನಿಂತಾಗಲೇ ಚೀಟಿಯನ್ನು ಬರೆಯಬೇಕೆಂದು ಅನುಭವಿಗಳು ಒತ್ತಿ ಹೇಳುವುದಕ್ಕೆ ಕಾರಣವುಂಟು: ಸಂಜೆಯ ನೆನಪು ಮಧ್ಯಾಹ್ನದ ಹೊಲಗಳೆರಡನ್ನು ಒಂದಾಗಿಸಿಬಿಡುತ್ತದೆ.

ಹೀಗೆ ತಂದ ಕೀಟಗಳಲ್ಲಿ ಕೆಲವು ಕೆಲವು ದಿನಗಳಲ್ಲಿಯೇ ಸಾಯುವುವು. ಹೊಸಬನು ಅವನ್ನು ಬಿಸಾಡುತ್ತಾನೆ. ಅನುಭವಿಯು ಅವನ್ನೇ ಎಚ್ಚರದಿಂದ ಬೇರೆಯಾಗಿ ಇಡುತ್ತಾನೆ. ಏಕೆಂದರೆ ಹೊಲದಲ್ಲಿದ್ದಾಗಲೇ ಕಿರುಕಣಜವು ಅವುಗಳೊಳಗೆ ಮೊಟ್ಟೆಯಿಟ್ಟಿರಬಹುದು. ಉಬ್ಬಿ ಗಟ್ಟಿಯಾಗಿ ಬಣ್ಣಗೆಟ್ಟ ಹಿಟ್ಟುತಿಗಣೆಯ ಒಣದೇಹದಿಂದ ಒಂದು ಬೆಳಗ್ಗೆ ದುಂಡಗಿನ ರಂಧ್ರವನ್ನು ಕೊರೆದು ಕಣಜವೊಂದು ಹೊರಬರುವುದು. ಆ ಪೀಡೆಯ ಹಗೆಯು ಯಾರೆಂಬುದು ಸಂಶೋಧಕನಿಗೆ ಮೊದಲು ತಿಳಿಯುವುದು ಎಷ್ಟೋ ವೇಳೆ ಈ ರೀತಿಯಲ್ಲಿಯೇ. ಸತ್ತ ಪೀಡೆಗೂ ಕಾದುಕೊಂಡಿರುವ ತಾಳ್ಮೆ ಇಲ್ಲದವನಿಗೆ ಈ ವಿದ್ಯೆಯು ಒಲಿಯುವುದಿಲ್ಲ.

೪

ಇನ್ನು ಹೆಸರಿನ ವಿಚಾರ. ನಮ್ಮ ರೈತರು ಹಿಟ್ಟುತಿಗಣೆ ಎಂಬ ಒಂದು ಮಾತಿನಿಂದ ಮೈಮೇಲೆ ಬಿಳಿಯ ಮೇಣದ ಹುಡಿಯನ್ನು ಹೊದ್ದ ಎಷ್ಟೋ ಜಾತಿಗಳನ್ನು ಕರೆಯುತ್ತಾರೆ. ಹಿಟ್ಟನ್ನು ಚೆಲ್ಲಿದಂತೆ ತೋರುವುದನ್ನೂ ತಿಗಣೆಯಂತೆ ಹೀರುವುದನ್ನೂ ಒಂದೇ ಪದದಲ್ಲಿ ಹೇಳುವ ಈ ಹೆಸರು ರೈತನ ವ್ಯವಹಾರಕ್ಕೆ ಸಾಕು. ಆದರೆ ಪರತಂತ್ರಜೀವಿಗೆ ಅಷ್ಟು ಸಾಲದು. ಅದು ತನಗೆ ಒಗ್ಗಿದ ಒಂದೇ ಜಾತಿಯನ್ನು, ಹೆಚ್ಚೆಂದರೆ ಅದರ ಹತ್ತಿರದ ಬಂಧುಗಳನ್ನು, ಆರಿಸಿಕೊಂಡು ಮಿಕ್ಕವನ್ನು ತಿರಸ್ಕರಿಸುವುದು. ಮನುಷ್ಯನ ಕಣ್ಣಿಗೆ ಒಂದೇ ಆಗಿ ತೋರುವ ಎರಡು ತಿಗಣೆಗಳ ಭೇದವನ್ನು ಕಣಜವು ಸಂಶಯವಿಲ್ಲದೆ ಬಲ್ಲುದು.

ಇದನ್ನು ಅರಿಯದೆ ಕಳೆದುಹೋದ ವರ್ಷಗಳಿಗೆ ಆಫ್ರಿಕದ ಮರಗೆಣಸಿನ ಕಥೆಯು ಸಾಕ್ಷಿಯಾಗಿದೆ. ಮರಗೆಣಸು ದಕ್ಷಿಣ ಅಮೆರಿಕದಿಂದ ಬಂದು ಆಫ್ರಿಕದ ಬಡಜನರ ಮುಖ್ಯ ಆಹಾರವಾಗಿತ್ತು. ೧೯೭೦ರ ದಶಕದ ಆರಂಭದಲ್ಲಿ ಕಾಂಗೋ ಪ್ರದೇಶದಲ್ಲಿ ಅದರ ಚಿಗುರನ್ನು ಮುರುಟಿಸುವ ಹೊಸ ಹಿಟ್ಟುತಿಗಣೆಯೊಂದು ಕಾಣಿಸಿಕೊಂಡು ದೇಶದಿಂದ ದೇಶಕ್ಕೆ ಹಬ್ಬತೊಡಗಿತು. ೧೯೭೭ರಲ್ಲಿ ಅದಕ್ಕೆ ಫಿನಕಾಕಸ್ ಮ್ಯಾನಿಹಾಟಿ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟರು. ಗಿಡವು ಬಂದ ನಾಡಿನಿಂದಲೇ ಪೀಡೆಯೂ ಬಂದಿರಬೇಕೆಂದು ಊಹಿಸಿ, ಸಂಶೋಧಕರು ದಕ್ಷಿಣ ಅಮೆರಿಕದ ಉತ್ತರಭಾಗದಲ್ಲಿ ಹುಡುಕಿದರು. ಮರಗೆಣಸಿನ ಮೇಲೆ ಅದೇ ರೂಪಿನ ತಿಗಣೆಯು ದೊರೆಯಿತು. ಅದರ ಪರತಂತ್ರಜೀವಿಗಳೂ ದೊರೆತವು. ಆದರೆ ಆ ಜೀವಿಗಳು ಆಫ್ರಿಕದ ತಿಗಣೆಯ ಮೇಲೆ ಸಂತತಿಯನ್ನು ಬೆಳೆಸಲಿಲ್ಲ.

ಕಾರಣವು ಆಮೇಲೆ ಹೊರಬಿತ್ತು. ಉತ್ತರಭಾಗದ ತಿಗಣೆಯು ಬೇರೊಂದು ಜಾತಿ. ಅದರ ಮೈ ಹಳದಿ ಛಾಯೆಯದು, ಆಫ್ರಿಕದ್ದು ನಸುಗೆಂಪು. ಅದರಲ್ಲಿ ಗಂಡು ಹೆಣ್ಣುಗಳೆರಡೂ ಉಂಟು. ಆಫ್ರಿಕದ್ದರಲ್ಲಿ ಗಂಡಿನ ಸಹಾಯವಿಲ್ಲದೆ ಹೆಣ್ಣೇ ಹೆಣ್ಣುಗಳನ್ನು ಹಡೆಯುವುದು. ೧೯೮೧ರಲ್ಲಿ ಆ ಬೇರೆ ಜಾತಿಗೆ ಫಿನಕಾಕಸ್ ಹೆರೆನಿ ಎಂಬ ಪ್ರತ್ಯೇಕ ಹೆಸರಾಯಿತು. ಅದೇ ವರ್ಷ ದಕ್ಷಿಣ ಅಮೆರಿಕದ ಇನ್ನೊಂದು ಭಾಗವಾದ ಪರಗ್ವೆ ದೇಶದಲ್ಲಿ ಆಂಟನಿ ಬೆಲೊಟ್ಟಿ ಎಂಬ ಕೀಟಶಾಸ್ತ್ರಜ್ಞನಿಗೆ ನಿಜವಾದ ಮ್ಯಾನಿಹಾಟಿಯು ದೊರೆಯಿತು. ಅದರೊಡನೆ ಅದರ ಹಗೆಯಾದ ಅನಗೈರಸ್ ಲೊಪೆಜಿ ಎಂಬ ಕಿರುಕಣಜವೂ ಸಿಕ್ಕಿತು. ಲಂಡನ್ನಿನ ದಿಗ್ಬಂಧನದ ಕೋಣೆಯಲ್ಲಿ ಪರೀಕ್ಷೆಯಾದ ಬಳಿಕ ನೈಜೀರಿಯಕ್ಕೆ ಬಂದು ೧೯೮೧ರ ಕೊನೆಯಲ್ಲಿ ಹೊಲವನ್ನು ಸೇರಿದ ಈ ಕಣಜವು ಕ್ರಮೇಣ ಆಫ್ರಿಕದ ಮರಗೆಣಸಿನ ನಾಡುಗಳನ್ನೆಲ್ಲ ವ್ಯಾಪಿಸಿ ಪೀಡೆಯನ್ನು ಹತೋಟಿಗೆ ತಂದಿತು. ಈ ಕಾರ್ಯವನ್ನು ನಡೆಸಿದ ಹಾನ್ಸ್ ಹೆರೆನ್ ಅವರಿಗೆ ೧೯೯೫ರಲ್ಲಿ ವಿಶ್ವ ಆಹಾರ ಪ್ರಶಸ್ತಿಯು ಸಂದಿತು. ಹಸಿದ ಜನಕ್ಕೆ ಒಂದು ಹೆಸರಿನ ತಪ್ಪು ಎಷ್ಟು ದುಬಾರಿಯಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ಈ ಕಥೆಯ ಉತ್ತರಭಾಗವು ನಮ್ಮ ನೆರೆಯಲ್ಲಿಯೇ ನಡೆದಿದೆ. ೨೦೨೦ರಲ್ಲಿ ಮ್ಯಾನಿಹಾಟಿಯು ಕೇರಳದ ತ್ರಿಶೂರಿನಲ್ಲಿ ಕಾಣಿಸಿಕೊಂಡು ತಮಿಳುನಾಡಿನ ಮರಗೆಣಸಿನ ಹೊಲಗಳಿಗೂ ಹಬ್ಬಿತು. ಈ ಸಲ ಹೆಸರಿನಲ್ಲಿ ಸಂಶಯವಿರಲಿಲ್ಲ. ಹೆಸರು ಖಚಿತವಾದುದರಿಂದ ಹಗೆಯೂ ಖಚಿತವಾಗಿತ್ತು. ಬೆಂಗಳೂರಿನ ಬ್ಯೂರೋ ೨೦೨೧ರಲ್ಲಿ ಪಶ್ಚಿಮ ಆಫ್ರಿಕದ ಬೆನಿನ್ ದೇಶದಿಂದ ಅದೇ ಕಣಜವನ್ನು ತರಿಸಿ, ಪರೀಕ್ಷಿಸಿ, ವೃದ್ಧಿಮಾಡಿತು. ೨೦೨೨ರಲ್ಲಿ ತಮಿಳುನಾಡಿನಲ್ಲಿ ಬಿಡುಗಡೆಯಾಯಿತು. ಆಫ್ರಿಕದಲ್ಲಿ ವರ್ಷಗಟ್ಟಲೆ ಹಿಡಿದ ಹುಡುಕಾಟವು ಇಲ್ಲಿ ಬೇಕಾಗಲಿಲ್ಲ.

೫

ಹೆಸರು ಗೊತ್ತಾದ ಮೇಲೆ ಪೋಷಣೆಯ ಪ್ರಶ್ನೆ. ಪರತಂತ್ರಜೀವಿಯನ್ನು ಲಕ್ಷಗಟ್ಟಲೆ ಪಡೆಯಬೇಕಾದರೆ ಅದರ ಆಶ್ರಯಕೀಟವನ್ನು ಅದಕ್ಕಿಂತಲೂ ಹೆಚ್ಚಾಗಿ ಬೆಳೆಸಬೇಕು. ವರ್ಷದ ಎಲ್ಲ ಕಾಲದಲ್ಲಿಯೂ ಹೊಲದ ಗಿಡವನ್ನು ಒದಗಿಸುವುದು ಅಸಾಧ್ಯವಾದುದರಿಂದ ಗಿಡಕ್ಕೆ ಬದಲಾಗಿ ಬೇರೊಂದು ಆಹಾರವನ್ನು, ಕೆಲವು ವೇಳೆ ಪೀಡೆಗೆ ಬದಲಾಗಿ ಬೇರೊಂದು ಕೀಟವನ್ನೇ, ಹುಡುಕಿಕೊಳ್ಳುತ್ತಾರೆ.

ಹಿಟ್ಟುತಿಗಣೆಗೆ ಹೀಗೆ ದೊರೆತ ಬದಲಿಯು ಸಿಹಿಗುಂಬಳ. ಚೆನ್ನಾಗಿ ಬಲಿತ, ಏಣುಗಳೂ ತಗ್ಗುಗಳೂ ಸ್ಪಷ್ಟವಾಗಿರುವ ಕಾಯನ್ನು ಆರಿಸಿ, ತೊಳೆದು, ಬೂಷ್ಟು ಹಿಡಿಯದಂತೆ ಶಿಲೀಂಧ್ರನಾಶಕದಲ್ಲಿ ಅದ್ದಿ, ಗಾಯವಿದ್ದಲ್ಲಿ ಮೇಣದಿಂದ ಮುಚ್ಚುತ್ತಾರೆ. ಅದರ ಮೇಲೆ ತಿಗಣೆಯ ಮರಿಗಳನ್ನು ಬಿಟ್ಟರೆ ಅವು ತಗ್ಗುಗಳಲ್ಲಿ ನೆಲೆಸಿ, ಹದಿನೈದು ಇಪ್ಪತ್ತು ದಿನಗಳಲ್ಲಿ ಕಾಯೆಲ್ಲ ಬೆಳ್ಳಗಾಗುವುದು. ಆಗ ಕಾಯನ್ನು ಪಂಜರದಲ್ಲಿಟ್ಟು ಕ್ರಿಪ್ಟೊಲೀಮಸ್ ಹುಳುಗಳನ್ನು ಒಂದು ದಿನ ಬಿಟ್ಟು ತೆಗೆಯುತ್ತಾರೆ. ಅವು ತಿಗಣೆಗಳ ನಡುವೆ ಮೊಟ್ಟೆಯಿಟ್ಟಿರುತ್ತವೆ. ಹೊರಟ ಮರಿಗಳ ಮೈಮೇಲೂ ಬಿಳಿಯ ಮೇಣದ ಕುಚ್ಚುಗಳಿರುವುದರಿಂದ ಭಕ್ಷಕವು ಯಾವುದು, ಭಕ್ಷ್ಯವು ಯಾವುದು ಎಂದು ಹೊಸಬನು ತಿಳಿಯಲಾರನು. ತೋಟದಲ್ಲಿ ಇದೇ ಭ್ರಾಂತಿಯಿಂದ ಉಪಕಾರಿಯಾದ ಮರಿಗಳನ್ನು ಪೀಡೆಯೆಂದೆಣಿಸಿ ಔಷಧವನ್ನು ಹೊಡೆಯುವುದುಂಟು. ಸುಮಾರು ಒಂದು ತಿಂಗಳಲ್ಲಿ ಹೊಸ ಹುಳುಗಳು ಸಿದ್ಧವಾಗುವುವು.

ಪರಂಗಿಯ ಹಿಟ್ಟುತಿಗಣೆಯು ನಮ್ಮಲ್ಲಿಗೆ ಬಂದಾಗ ಈ ಅನುಭವವು ಕೈಹಿಡಿಯಿತು. ಮೆಕ್ಸಿಕೊ ಮೂಲದ ಆ ಕೀಟವು ೨೦೦೮ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಪರಂಗಿಯನ್ನಲ್ಲದೆ ಹಿಪ್ಪುನೇರಳೆಯನ್ನೂ ಹಿಡಿಯಿತು. ಹಿಪ್ಪುನೇರಳೆಯ ಎಲೆಯೇ ರೇಷ್ಮೆಹುಳುವಿನ ಮೇವಾದುದರಿಂದ ಅದಕ್ಕೆ ವಿಷವನ್ನು ಸಿಂಪಡಿಸುವುದೆಂದರೆ ರೇಷ್ಮೆಯನ್ನೇ ಕಳೆದುಕೊಂಡಂತೆ. ಇಂತಹ ಬೆಳೆಯಲ್ಲಿ ಜೈವಿಕ ನಿಯಂತ್ರಣವು ಹಲವು ಉಪಾಯಗಳಲ್ಲಿ ಒಂದಲ್ಲ. ಬಹುಮಟ್ಟಿಗೆ ಅದೇ ಉಪಾಯ. ೨೦೧೦ರಲ್ಲಿ ಅಮೆರಿಕದ ಕೃಷಿ ಇಲಾಖೆಯ ನೆರವಿನಿಂದ ಪೋರ್ಟೊ ರಿಕೊ ದ್ವೀಪದ ಮೂರು ಕಿರುಕಣಜಗಳು ಬೆಂಗಳೂರಿಗೆ ಬಂದವು. ಮೊಳಕೆಯೊಡೆದ ಆಲೂಗೆಡ್ಡೆಯ ಮೇಲೆ ತಿಗಣೆಯನ್ನು ಬೆಳೆಸಿ, ಆ ತಿಗಣೆಯ ಮೇಲೆ ಕಣಜಗಳನ್ನು ಹೆಚ್ಚಿಸಿ, ಅದೇ ವರ್ಷ ಹೊಲಗಳಿಗೆ ಬಿಡಲು ಆರಂಭಿಸಿದರು. ಮೂರರಲ್ಲಿ ಅಸಿರೊಫೇಗಸ್ ಪಪಾಯೆ ಎಂಬುದು ಎಲ್ಲಕ್ಕಿಂತ ಹೆಚ್ಚಾಗಿ ನೆಲೆಯೂರಿತು.

ಎರಡನೆಯ ಮಾರ್ಗಕ್ಕೆ ಟ್ರೈಕೊಗ್ರಾಮ ಎಂಬ ಕಣಜವು ನಿದರ್ಶನ. ಸುಮಾರು ಅರ್ಧ ಮಿಲಿಮೀಟರ್ ಉದ್ದದ ಈ ಜೀವಿಯು ಕಬ್ಬು ಮೊದಲಾದ ಬೆಳೆಗಳನ್ನು ಕೊರೆಯುವ ಪತಂಗಗಳ ಮೊಟ್ಟೆಯೊಳಗೆ ತನ್ನ ಮೊಟ್ಟೆಯನ್ನಿಡುವುದು. ಹುಳುವು ಹುಟ್ಟುವುದಕ್ಕೆ ಮೊದಲೇ ಅದರ ಕಥೆ ಮುಗಿಯುವುದು. ಕಬ್ಬಿನ ಕೊರಕವನ್ನು ಕೋಣೆಯಲ್ಲಿ ಬೆಳೆಸುವುದು ಕಷ್ಟ. ಆದರೆ ಟ್ರೈಕೊಗ್ರಾಮವು ಅಕ್ಕಿಯ ಪತಂಗದ ಮೊಟ್ಟೆಯನ್ನೂ ಒಪ್ಪಿಕೊಳ್ಳುವುದು. ಆದುದರಿಂದ ಸುಮಾರು ೪೫ ಸೆಂಟಿಮೀಟರ್ ಉದ್ದ, ೩೦ ಅಗಲ, ೧೫ ಎತ್ತರದ ಪೆಟ್ಟಿಗೆಯಲ್ಲಿ ಎರಡೂವರೆ ಕಿಲೋಗ್ರಾಮಿನಷ್ಟು ಜೋಳದ ಅಥವಾ ಸಜ್ಜೆಯ ನುಚ್ಚನ್ನು ಬಿಸಿಯಿಂದ ಶುದ್ಧಿಮಾಡಿ ತುಂಬಿ, ಕಡಲೆಕಾಯಿ ಬೀಜದ ಪುಡಿ, ಯೀಸ್ಟ್, ಸ್ವಲ್ಪ ಗಂಧಕ ಇವನ್ನು ಬೆರೆಸಿ, ಅರ್ಧ ಘನ ಸೆಂಟಿಮೀಟರ್ ಪತಂಗದ ಮೊಟ್ಟೆಗಳನ್ನು ಬಿತ್ತುತ್ತಾರೆ. ಒಂದು ಘನ ಸೆಂಟಿಮೀಟರಿನಲ್ಲಿ ಸುಮಾರು ೧೬ರಿಂದ ೧೮ ಸಾವಿರ ಮೊಟ್ಟೆಗಳಿರುವುವು. ಸುಮಾರು ನಲವತ್ತು ದಿನಗಳಾದ ಮೇಲೆ ಪತಂಗಗಳು ಹೊರಡತೊಡಗುವುವು. ಅವನ್ನು ಜಾಲರಿಯ ತಳವುಳ್ಳ ಪಾತ್ರೆಗಳಿಗೆ ಹಾಕಿ ಜೇನಿನ ನೀರನ್ನು ಕೊಟ್ಟರೆ, ಇಟ್ಟ ಮೊಟ್ಟೆಗಳು ಕೆಳಕ್ಕೆ ಉದುರುತ್ತವೆ.

ಈ ಮೊಟ್ಟೆಗಳನ್ನು ಅತಿನೇರಳೆ ಕಿರಣಗಳಿಗೆ ಒಡ್ಡಿ ಒಳಗಿನ ಪಿಂಡವನ್ನು ಕೊಂದು, ಗೋಂದನ್ನು ಸವರಿದ ಕಾಗದದ ಪಟ್ಟಿಯ ಮೇಲೆ ಹರಡುತ್ತಾರೆ. ಕೊಲ್ಲದೆ ಬಿಟ್ಟರೆ, ಕಣಜದ ಕಣ್ಣಿಗೆ ತಪ್ಪಿದ ಮೊಟ್ಟೆಗಳು ಒಡೆದು, ಹೊರಬಂದ ಮರಿಗಳು ಪಕ್ಕದ ಮೊಟ್ಟೆಗಳನ್ನು ಕಣಜದ ಸಂತತಿಯ ಸಹಿತ ತಿಂದುಹಾಕುವುವು. ಪಿಂಡವು ಸತ್ತಿದ್ದರೂ ಮೊಟ್ಟೆಯ ಸಾರವು ಕಣಜದ ಮರಿಗೆ ಸಾಕಾಗುವುದು. ಮೂರು ನಾಲ್ಕು ದಿನಗಳಲ್ಲಿ ಮೊಟ್ಟೆಗಳು ಕಪ್ಪಾದರೆ ಕೆಲಸವು ಫಲಿಸಿತೆಂದು ಅರ್ಥ. ಆ ಪಟ್ಟಿಯನ್ನು ತುಂಡುಮಾಡಿ ರೈತನು ಎಲೆಗಳ ಅಡಿಗೆ ಸಿಕ್ಕಿಸುತ್ತಾನೆ. ಕಣಜಗಳು ಅಲ್ಲಿಯೇ ಹೊರಟು ತಮ್ಮ ಬೇಟೆಯನ್ನು ತಾವೇ ಹುಡುಕಿಕೊಳ್ಳುವುವು.

ಮೂರನೆಯದು ಹಸಿರು ಕಾಯಿಕೊರಕದ ಪೋಷಣೆ. ಇದನ್ನು ಹಿಡಿದು ಕೊಲ್ಲುವ ವೈರಸ್ ಒಂದುಂಟು. ವೈರಸ್ ಜೀವಕೋಶದ ಹೊರಗೆ ಬೆಳೆಯದಾದುದರಿಂದ ಹುಳುವೇ ಅದರ ಹೊಲವಾಗಬೇಕು. ಕಡಲೆಹಿಟ್ಟು, ಅಗರ್, ಯೀಸ್ಟ್, ಜೀವಸತ್ತ್ವಗಳನ್ನು ಕುದಿಸಿದ ಪಾಕವನ್ನು ಸಣ್ಣ ಸಣ್ಣ ಗುಳಿಗಳಿಗೆ ಹೊಯ್ದು, ಗುಳಿಗೊಂದರಂತೆ ಮರಿಯನ್ನಿಟ್ಟು ಬೆಳೆಸುತ್ತಾರೆ. ವೈರಸನ್ನು ಉಣಿಸುವ ದಿನವನ್ನು ಆರಿಸುವುದರಲ್ಲಿ ಜಾಣತನವಿದೆ: ಬಹಳ ಎಳೆಯ ಹುಳುವು ಬೇಗನೆ ಸತ್ತು ಸ್ವಲ್ಪವೇ ವೈರಸನ್ನು ಕೊಡುವುದು, ಬಹಳ ಬಲಿತದ್ದು ಸಾಯುವುದಕ್ಕೆ ಮೊದಲೇ ಕೋಶಾವಸ್ಥೆಗೆ ಹೋಗುವುದು. ರೋಗ ತಗುಲಿದ ಹುಳುಗಳು ಹೊಲದಲ್ಲಿ ಗಿಡದ ತುದಿಗೇರಿ ತಲೆಕೆಳಗಾಗಿ ತೂಗಿ ಸಾಯುವುದನ್ನು ಕಡಲೆಯ ಬೆಳೆಗಾರರು ಕಂಡಿರಬಹುದು.

೬

ಈ ವಿವರಗಳಿಂದ ಪೋಷಣೆಯು ಸುಲಭವಾದ ಕೆಲಸವೆಂದು ಯಾರೂ ತಿಳಿಯಬಾರದು. ಪೀಡೆಯನ್ನು ಸಾಕುವ ಮನೆಗೆ ಪೀಡೆಯ ಹಗೆಯೇ ಕರೆಯದೆ ಬರುವುದುಂಟು. ಬ್ರೇಕಾನ್ ಎಂಬ ಕಣಜವು ಅಕ್ಕಿಪತಂಗದ ಪೆಟ್ಟಿಗೆಗಳನ್ನು ಹೊಕ್ಕು ಹುಳುಗಳನ್ನು ಚುಚ್ಚಿ ಸಾಕಣೆಯನ್ನೇ ಹಾಳುಮಾಡುವುದು. ಇದೇ ಬ್ರೇಕಾನ್ ತೆಂಗಿನ ಕಪ್ಪುತಲೆ ಹುಳುವಿಗೆ ಹಗೆಯೆಂದು ತೋಟಗಳಿಗೆ ಬಿಡುವ ಉಪಕಾರಿಯೂ ಹೌದು. ಮಿತ್ರನೋ ಶತ್ರುವೋ ಎಂಬುದು ನಿಂತ ಸ್ಥಳದಿಂದ ಗೊತ್ತಾಗುವುದು. ಇರುವೆಗಳನ್ನು ತಡೆಯಲು ಅಟ್ಟಣೆಯ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಬೇಕು. ಪತಂಗಗಳ ರೆಕ್ಕೆಯಿಂದ ಉದುರುವ ಹುಡಿಯು ಕೆಲಸದವರ ಶ್ವಾಸಕ್ಕೆ ತೊಂದರೆ ಕೊಡುವುದರಿಂದ ಅವರು ಮೂಗುಬಾಯಿಗಳನ್ನು ಮುಚ್ಚಿಕೊಂಡೇ ಕೈಯಾಡಿಸಬೇಕು. ಹೊಲದಲ್ಲಿ ಔಷಧದ ಸಿಂಪಡಿಕೆ ಕಡಿಮೆಯಾದಾಗ ಅದರ ಹಿಂದೆ ಈ ಕೋಣೆಗಳಲ್ಲಿ ದುಡಿದವರ ಉಸಿರೂ ಇದೆಯೆಂಬುದನ್ನು ಮರೆಯಲಾಗದು.

ಬಹಳ ತಲೆಮಾರು ಪೆಟ್ಟಿಗೆಯಲ್ಲಿಯೇ ಬೆಳೆದ ಕೀಟವು ಕ್ರಮೇಣ ಪೆಟ್ಟಿಗೆಯ ಕೀಟವಾಗುವುದು. ಆಹಾರವು ಬಳಿಯಲ್ಲಿಯೇ ಇರುವುದರಿಂದ ಹುಡುಕುವ ಶಕ್ತಿಯು ಕುಗ್ಗುತ್ತದೆ. ಒಂದೇ ಮನೆತನದೊಳಗಿನ ಕೂಡಿಕೆಯಿಂದ ಸಂತಾನವು ಕ್ಷೀಣಿಸುತ್ತದೆ. ಇದಕ್ಕೆ ಪರಿಹಾರವು ಮತ್ತೆ ಹೊಲಕ್ಕೆ ಹೋಗಿ ಕಾಡುಬಳಿಯನ್ನು ತಂದು ಬೆರೆಸುವುದು. ಸಂಗ್ರಹವು ಒಮ್ಮೆ ಮುಗಿದುಹೋಗುವ ಕಾರ್ಯವಲ್ಲವೆಂಬುದಕ್ಕೆ ಇದೇ ಕಾರಣ. ಇನ್ನು ಕೆಲವು ಪೀಡೆಗಳು ಕೋಣೆಗೆ ಒಗ್ಗುವುದೇ ಇಲ್ಲ. ೨೦೦೨ರಲ್ಲಿ ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಕಬ್ಬಿನ ಬಿಳಿ ಉಣ್ಣೆಹೇನು ಹಾವಳಿ ಮಾಡಿದಾಗ, ಅದನ್ನು ತಿನ್ನುವ ಡೈಫ ಎಂಬ ಪತಂಗದ ಮರಿಗಳನ್ನು ಹೆಚ್ಚಿಸಲು ಸಂಶೋಧಕರು ಕಬ್ಬಿನ ಗದ್ದೆಯಲ್ಲಿಯೇ ನೆರಳುಬಲೆಯನ್ನು ಕಟ್ಟಿ, ಹೇನು ಹತ್ತಿದ ಕಬ್ಬಿನ ಮೇಲೆಯೇ ಅವನ್ನು ಬೆಳೆಸಿದರು. ಕ್ಯಾಲಿಫೋರ್ನಿಯದ ಗುಡಾರವು ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ನಮ್ಮ ಕಬ್ಬಿನ ಗದ್ದೆಯಲ್ಲಿ ಮತ್ತೆ ಎದ್ದಂತಾಯಿತು.

ಪರದೇಶದಿಂದ ತಂದ ಜೀವಿಯನ್ನು ನೇರವಾಗಿ ಹೊಲಕ್ಕೆ ಬಿಡುವುದು ಸಲ್ಲದು. ಮೊದಲು ಅದನ್ನು ದಿಗ್ಬಂಧನದಲ್ಲಿಟ್ಟು, ಅದರೊಡನೆ ಪರತಂತ್ರಜೀವಿಯನ್ನೇ ಕೊಲ್ಲುವ ಮತ್ತೊಂದು ಪರತಂತ್ರಜೀವಿಯು ಸೇರಿಬಂದಿಲ್ಲವೆಂದೂ, ನಮ್ಮ ಉಪಕಾರಿ ಕೀಟಗಳಿಗೆ ಅದರಿಂದ ಕೇಡಿಲ್ಲವೆಂದೂ ಖಚಿತಪಡಿಸಿಕೊಳ್ಳಬೇಕು. ಸಸ್ಯಹೇನುಗಳಿಗಾಗಿ ಯೂರೋಪ್ ಅಮೆರಿಕಗಳಲ್ಲಿ ಬಿಟ್ಟ ಪೂರ್ವ ಏಷ್ಯದ ಹಾರ್ಮೋನಿಯ ಎಂಬ ಗುಲಗಂಜಿ ಹುಳುವು ಅಲ್ಲಿನ ದೇಶೀಯ ಗುಲಗಂಜಿ ಹುಳುಗಳನ್ನೂ ತಿಂದು ತಾನೇ ಒಂದು ಪೀಡೆಯಾಯಿತು. ಒಮ್ಮೆ ಬಿಟ್ಟ ಜೀವಿಯನ್ನು ಹಿಂದಕ್ಕೆ ಕರೆಯುವ ಮಂತ್ರವಿಲ್ಲ.

೭

ಒಟ್ಟಿನಲ್ಲಿ, ಈ ವಿದ್ಯೆಯ ಬುನಾದಿಯು ಬಿಡುಗಡೆಯ ದಿನದ ಸಮಾರಂಭದಲ್ಲಿಲ್ಲ. ಹೊಲದ ಬದುವಿನಲ್ಲಿ ಬರೆದ ಚೀಟಿಯಲ್ಲಿಯೂ, ಸೂಕ್ಷ್ಮದರ್ಶಕದ ಕೆಳಗೆ ನಿರ್ಣಯಿಸಿದ ಹೆಸರಿನಲ್ಲಿಯೂ, ಕುಂಬಳದ ಮೇಲೆ ಬೆಳೆದ ಪೀಡೆಯಲ್ಲಿಯೂ ಇರುವುದು. ಹಗೆಯನ್ನು ಚೆನ್ನಾಗಿ ಅರಿತು ಸಾಕಬಲ್ಲವನೇ ಅದನ್ನು ಹತೋಟಿಯಲ್ಲಿಡಬಲ್ಲನು.

ಇಲ್ಲಿ ನಮ್ಮ ಉಪಾಧ್ಯಾಯರಿಗೂ ಒಂದು ಪಾಲುಂಟು. ಹೊಸ ಪೀಡೆಯೊಂದು ನಾಡನ್ನು ಹೊಕ್ಕಾಗ ಅದನ್ನು ಮೊದಲು ಕಾಣುವವನು ರೈತನು. ಅವನು ಅದಕ್ಕೆ ತನ್ನ ಮಾತಿನಲ್ಲಿ ಒಂದು ಹೆಸರನ್ನೂ ಇಡುತ್ತಾನೆ. ಆ ಹೆಸರಿನಲ್ಲಿ ಕೀಟದ ಬಣ್ಣವೋ, ಅದು ಹಿಡಿಯುವ ಭಾಗವೋ, ಬರುವ ಕಾಲವೋ ಅಡಗಿರುವುದು. ಊರೂರಿನ ಈ ಹೆಸರುಗಳನ್ನು ಗಿಡ, ಸ್ಥಳ, ಕಾಲಗಳ ಸಹಿತ ಬರೆದಿಟ್ಟರೆ ನಿಘಂಟುಕಾರನಿಗೆ ಪದವೂ ಕೀಟಶಾಸ್ತ್ರಜ್ಞನಿಗೆ ಸುಳಿವೂ ಒಂದೇ ಚೀಟಿಯಲ್ಲಿ ದೊರೆಯುವುವು. ಆದರೆ ಆ ಹೆಸರಿನ ಪಕ್ಕದಲ್ಲಿ ಕೀಟದ ಮಾದರಿಯೂ ಇರಲೇಬೇಕು. ವಸ್ತುವನ್ನು ಬಿಟ್ಟು ಹೆಸರನ್ನು ನಂಬಿದುದರಿಂದ ಏನಾಯಿತೆಂಬುದನ್ನು ಆಫ್ರಿಕದ ಮರಗೆಣಸಿನ ಹೊಲಗಳು ನಮಗೆ ಹೇಳಿವೆ.